ಬೇರೆ ಬಟ್ಟಲು

ಅಡಿಗೆಮನೆಗೂ ಧರ್ಮವಿಚಾರಕ್ಕೂ ಇರುವ ನಂಟು ನಮ್ಮವರಿಗೆ ಹೊಸದಲ್ಲ. ಏನನ್ನು ಉಣ್ಣಬೇಕು, ಯಾರ ಕೈಯಿಂದ ಉಣ್ಣಬೇಕು, ಯಾರ ಸಂಗಡ ಕುಳಿತು ಉಣ್ಣಬೇಕು ಎಂಬ ಮೂರು ಪ್ರಶ್ನೆಗಳಿಗೆ ನಮ್ಮ ಸಮಾಜ ವೆಚ್ಚಮಾಡಿರುವ ಬುದ್ಧಿಯಲ್ಲಿ ಕಾಲುಪಾಲನ್ನು ಬೇರೆ ಕೆಲಸಕ್ಕೆ ತೊಡಗಿಸಿದ್ದರೆ ನಮ್ಮ ಊರುಗಳ ಚರಂಡಿಗಳಾದರೂ ನೆಟ್ಟಗಾಗುತ್ತಿದ್ದುವೋ ಏನೋ. ಆದರೂ ಈ ವಿಚಾರ ನನ್ನನ್ನು ನಿಜವಾಗಿ ಕಾಡತೊಡಗಿದ್ದು ನಮ್ಮ ನಾಡಿನಲ್ಲಲ್ಲ; ಅಮೆರಿಕದ ನ್ಯೂಜೆರ್ಸಿಯ ಒಂದು ಮನೆಯಲ್ಲಿ, ಬಿಸಿ ಚೀಸ್ ತುಂಬಿದ ಒಂದು ಬಟ್ಟಲಿನ ಮುಂದೆ. ಪ್ರಶ್ನೆ ಇಷ್ಟೆ: ಒಬ್ಬನಿಗಾಗಿ ಬೇರೆ ಬಟ್ಟಲು ಇಡುವುದು ಯಾವಾಗ ಮರ್ಯಾದೆಯಾಗುತ್ತದೆ, ಯಾವಾಗ ಅವಮಾನವಾಗುತ್ತದೆ? ಕೇಳುವುದಕ್ಕೆ ಸಣ್ಣ ಮಾತು. ಉತ್ತರ ಹುಡುಕಲು ಹೊರಟಾಗ ನಾನು ಬಂದು ನಿಂತದ್ದು ನನ್ನ ಅಜ್ಜಿಯ ಮನೆಯ ದನದ ಕೊಟ್ಟಿಗೆಯಲ್ಲಿ.

2019ರ ಬೇಸಗೆಯ ರಜೆಯಲ್ಲಿ ನಾನು ತಂಗಿಯ ಮನೆಗೆ ಹೋಗಿದ್ದೆ. ಮೇ ತಿಂಗಳ ಕಡೆಯ ಸೋಮವಾರ ಆ ದೇಶದಲ್ಲಿ ಯುದ್ಧಗಳಲ್ಲಿ ಮಡಿದ ಯೋಧರನ್ನು ನೆನೆಯುವ ದಿನ. ಬೆಳಿಗ್ಗೆ ಸಮಾಧಿಗಳ ಮೇಲೆ ಸಣ್ಣ ಬಾವುಟಗಳನ್ನು ನೆಡುತ್ತಾರೆ. ಮಧ್ಯಾಹ್ನವಾಗುತ್ತಲೂ ಅದೇ ದಿನ ಬೇಸಗೆಯ ಮೊದಲ ಹಬ್ಬವಾಗಿ ಮಾರ್ಪಟ್ಟು ಮನೆಮನೆಯ ಹಿತ್ತಿಲಲ್ಲಿ ಹೊಗೆಯೇಳುತ್ತದೆ. ತಂಗಿಯ ನೆರೆಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಇದ್ದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ವಿಧವೆ. ಅಂದು ಸಂಜೆ ನಮಗೆ ಅವರಲ್ಲಿ ಆಮಂತ್ರಣ. ನಾನೂ ಮೇಷ್ಟರೆಂದು ತಿಳಿದದ್ದರಿಂದಲೋ ಏನೋ, ಅವರು ನನ್ನನ್ನು ಎರಡು ಗಂಟೆ ಮೊದಲೇ ಕರೆದು, ಚೀಸ್ ತುರಿಯುವ ಕೆಲಸವನ್ನು ಒಪ್ಪಿಸಿದರು. ಹಾಗಾಗಿ ಆ ದಿನದ ಮುಖ್ಯ ಭಕ್ಷ್ಯ ಹೇಗೆ ಸಿದ್ಧವಾಯಿತೆಂಬುದನ್ನು ನಾನು ಕಣ್ಣಾರೆ ಕಂಡೆ.

ಅದರ ಹೆಸರು ಡಿಪ್. ಹೆಸರೇ ಹೇಳುವಂತೆ ಅದ್ದಿಕೊಂಡು ತಿನ್ನುವ ಪದಾರ್ಥ. ನಮ್ಮ ಚಟ್ನಿಗೂ ಗೊಜ್ಜಿಗೂ ದೂರದ ಬಂಧು ಎನ್ನಬಹುದು. ಆದರೆ ನಮ್ಮ ಚಟ್ನಿ ಅವರವರ ಎಲೆಗೆ ಬೀಳುತ್ತದೆ, ಇದು ಎಲ್ಲರ ನಡುವೆ ಒಂದೇ ಬಟ್ಟಲಲ್ಲಿ ಕೂರುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ ಅತಿಥಿಗಳನ್ನು ಕೂರಿಸಿ ಬಡಿಸುವ ಪದ್ಧತಿ ಸಡಿಲವಾಗಿ, ನಿಂತುಕೊಂಡು ಮಾತನಾಡುತ್ತ ತಾವೇ ತೆಗೆದುಕೊಂಡು ತಿನ್ನುವ ಕೂಟಗಳು ಹೆಚ್ಚಿದುವು. ಆಳುಕಾಳಿಲ್ಲದ ಗೃಹಿಣಿಗೆ ಇದು ಅನುಕೂಲ. 1950ರ ದಶಕದಲ್ಲಿ ಪೊಟ್ಟಣದ ಈರುಳ್ಳಿ ಸೂಪಿನ ಪುಡಿಯನ್ನು ಹುಳಿಕೆನೆಯಲ್ಲಿ ಕಲಸಿದ ಡಿಪ್ ಆ ದೇಶದಲ್ಲೆಲ್ಲ ಮನೆಮಾತಾಯಿತು. ಬಿಸಿಯಾಗಿ ಬೇಯಿಸುವ ಚೀಸಿನ ಡಿಪ್ ಅದೇ ವಂಶದ್ದು. ಯುರೋಪಿನಲ್ಲಿ ಇದಕ್ಕೆ ಇನ್ನೂ ಹಿರಿಯ ನೆಂಟರಿದ್ದಾರೆ: ಸ್ವಿಟ್ಜರ್‌ಲೆಂಡಿನ ಫಾಂಡ್ಯೂ ಎಂಬ ಭಕ್ಷ್ಯದಲ್ಲಿ ಕರಗಿದ ಚೀಸಿನ ಒಂದೇ ಪಾತ್ರೆಯನ್ನು ನಡುವೆ ಇಟ್ಟು, ಸುತ್ತ ಕುಳಿತವರೆಲ್ಲ ಉದ್ದನೆಯ ಮುಳ್ಳುಚಮಚದಲ್ಲಿ ರೊಟ್ಟಿಯ ತುಂಡನ್ನು ಚುಚ್ಚಿ ಅದ್ದುತ್ತಾರೆ, ರೊಟ್ಟಿಯನ್ನು ಪಾತ್ರೆಯೊಳಗೆ ಬೀಳಿಸಿದವನಿಗೆ ಏನಾದರೊಂದು ತಮಾಷೆಯ ದಂಡ.

ನೆರೆಮನೆಯಾಕೆಯ ಡಿಪ್ಪಿಗೆ ಬೇಕಾದದ್ದು ಹೆಚ್ಚೇನಿಲ್ಲ. 8 ಔನ್ಸಿನ, ಎಂದರೆ ಸುಮಾರು 227 ಗ್ರಾಮಿನ, ಒಂದು ಗಟ್ಟಿ ಕ್ರೀಮ್ ಚೀಸ್, ಒಂದು ಬಟ್ಟಲು ಹುಳಿಕೆನೆ, ತುರಿದ ಚೆಡ್ಡರ್ ಚೀಸ್ ಎರಡು ಬಟ್ಟಲು, ಹೆಚ್ಚಿದ ಎಳೆ ಈರುಳ್ಳಿ, ಸ್ವಲ್ಪ ಬೆಳ್ಳುಳ್ಳಿ, ಕಡೆಗೆ ಬೇಕನ್ ಎಂಟು ಪಟ್ಟಿ. ಬೇಕನ್ ಎಂದರೆ ಹಂದಿಯ ಹೊಟ್ಟೆಯ ಭಾಗದ ಮಾಂಸವನ್ನು ಉಪ್ಪಿನಲ್ಲಿ ಹದಮಾಡಿ, ಹೊಗೆಯಲ್ಲಿಟ್ಟು, ತೆಳುವಾಗಿ ಸೀಳಿದ್ದು. ತಣ್ಣಗಿನ ಬಾಣಲೆಯಲ್ಲಿ ಹರಡಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಅದರ ಕೊಬ್ಬು ತಾನಾಗಿ ಕರಗಿ, ಆ ಕೊಬ್ಬಿನಲ್ಲಿಯೇ ಪಟ್ಟಿಗಳು ಹಪ್ಪಳದಂತೆ ಗರಿಗರಿಯಾಗುತ್ತವೆ. ಚೀಸನ್ನು ಅಂಗಡಿಯಿಂದ ತುರಿದದ್ದನ್ನೇ ತರಬಹುದಲ್ಲ ಎಂದು ನಾನು ಕೇಳಿದೆ. ತುರಿದು ಮಾರುವ ಚೀಸ್ ಅಂಟಿಕೊಳ್ಳದಿರಲೆಂದು ಅದಕ್ಕೆ ಪಿಷ್ಟದ ಪುಡಿ ಸವರಿರುತ್ತಾರೆ, ಹಾಗಾಗಿ ಅದು ನುಣ್ಣಗೆ ಕರಗುವುದಿಲ್ಲ ಎಂದರು. ಎಲ್ಲವನ್ನೂ ಕಲಸಿ ಮಣ್ಣಿನ ತಟ್ಟೆಗೆ ಸುರಿದು, ಓವನ್ನಿನಲ್ಲಿ 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ನಮ್ಮ ಲೆಕ್ಕಕ್ಕೆ 177 ಡಿಗ್ರಿ ಸೆಲ್ಸಿಯಸ್, ಇಪ್ಪತ್ತು ಇಪ್ಪತ್ತೈದು ನಿಮಿಷ ಇಟ್ಟರೆ ಅಂಚಿನಲ್ಲಿ ಗುಳ್ಳೆಯೆದ್ದು ಮೇಲೆ ಹೊಂಬಣ್ಣ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಉರಿ ಹೆಚ್ಚಾದರೆ ಚೀಸಿನ ಸತ್ತ್ವ ಗಂಟುಕಟ್ಟಿ, ಜಿಡ್ಡು ಬೇರೆಯಾಗಿ ಮೇಲೆ ತೇಲುತ್ತದೆ. ಆಮೇಲೆ ಎಷ್ಟು ಕಲಕಿದರೂ ಕೂಡಿಕೊಳ್ಳದು.

ಇಲ್ಲಿಯೇ ನನ್ನ ಪ್ರಶ್ನೆಯ ಬೀಜವಿರುವುದು. ಬೇಕನ್ ಆ ಭಕ್ಷ್ಯದ ಮೇಲೆ ಸುಮ್ಮನೆ ಉದುರಿಸಿದ ಅಲಂಕಾರವಲ್ಲ. ಅದರ ಕೊಬ್ಬು, ಉಪ್ಪು, ಹೊಗೆಯ ವಾಸನೆ ಇವೆಲ್ಲ ಬಿಸಿಯಲ್ಲಿ ಚೀಸಿನೊಳಗೆ ಇಳಿದುಹೋಗುತ್ತವೆ. ಒಗ್ಗರಣೆಯ ಮೆಣಸಿನಕಾಯಿಯನ್ನು ಆಯ್ದು ಬದಿಗಿಡುವಂತೆ ಇದನ್ನು ಆಯ್ದು ಇಡುವುದು ಸಾಧ್ಯವಿಲ್ಲ. ಕೂಟದ ನಡುವೆ ಇಡುವ ಒಂದೇ ಬಟ್ಟಲು ಎಲ್ಲರನ್ನೂ ಹತ್ತಿರಕ್ಕೆ ಕರೆಯುತ್ತದೆಯೆಂಬುದು ನಿಜ. ಅದೇ ಬಟ್ಟಲು ಕೆಲವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆಯೆಂಬುದೂ ಅಷ್ಟೇ ನಿಜ. ಮುಸಲ್ಮಾನರಿಗೆ ಹಂದಿ ನಿಷಿದ್ಧ. ಆಚಾರವಂತ ಯಹೂದಿಗೆ ಇಲ್ಲಿ ಎರಡು ನಿಷೇಧ: ಹಂದಿಯೂ ಕೂಡದು, ಮಾಂಸವನ್ನು ಹಾಲಿನ ಪದಾರ್ಥದೊಡನೆ ಬೆರೆಸುವುದೂ ಕೂಡದು. ನನ್ನಂಥ ಸಸ್ಯಾಹಾರಿಯ ಮಾತಂತೂ ಹೇಳಬೇಕಾದ್ದಿಲ್ಲ.

ಆಕೆ ಇದನ್ನು ಮೊದಲೇ ಯೋಚಿಸಿದ್ದರು. ಬೇಕನ್ ಬಾಣಲೆಗೆ ಬೀಳುವ ಮುಂಚೆಯೇ ಮಿಶ್ರಣದ ಒಂದು ಪಾಲನ್ನು ಬೇರೆ ತೆಗೆದು, ನೀಲಿ ಅಂಚಿನ ಸಣ್ಣ ಬಟ್ಟಲೊಂದಕ್ಕೆ ಹಾಕಿ, ಬೇರೆ ಚಮಚ ಇಟ್ಟರು. ಅಷ್ಟೇ ಅಲ್ಲ, ಚೀಸಿನ ಪೊಟ್ಟಣವನ್ನು ಕನ್ನಡಕದ ಹತ್ತಿರಕ್ಕೆ ಹಿಡಿದು ಸಣ್ಣಕ್ಷರಗಳನ್ನು ಓದಿ ತೋರಿಸಿದರು. ಹಾಲನ್ನು ಒಡೆಸಿ ಚೀಸ್ ಮಾಡುವುದಕ್ಕೆ ಹಿಂದಿನಿಂದ ಬಳಸುತ್ತಿದ್ದದ್ದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ವಸ್ತು. 1990ರಲ್ಲಿ ಅಮೆರಿಕದ ಸರ್ಕಾರ ಅದೇ ಕೆಲಸವನ್ನು ಮಾಡುವ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ವಸ್ತುವಿಗೆ ಒಪ್ಪಿಗೆ ಕೊಟ್ಟ ಮೇಲೆ ಅಲ್ಲಿಯ ಚೀಸಿನ ಬಹುಪಾಲು ಆ ಬಗೆಯದಾಗಿದೆ. ತಾವು ತಂದ ಚೀಸಿನಲ್ಲಿ ಕರುವಿನ ಅಂಶವಿಲ್ಲವೆಂದು ಆಕೆ ಖಚಿತಪಡಿಸಿಕೊಂಡಿದ್ದರು. ನಾನು ನಾಚಿದೆ. ಬೆಂಗಳೂರಿನ ಹೋಟೆಲುಗಳಲ್ಲಿ ಎಷ್ಟೋ ಸಲ ಚೀಸ್ ಹಾಕಿದ ತಿಂಡಿ ತಿಂದ ನಾನು ಒಂದು ದಿನವೂ ಆ ಸಣ್ಣಕ್ಷರಗಳನ್ನು ಓದಿದವನಲ್ಲ. ನನ್ನ ವ್ರತವನ್ನು ನನಗಿಂತ ಹೆಚ್ಚು ಶ್ರದ್ಧೆಯಿಂದ ಕಾಯ್ದವರು ಆ ವ್ರತದಲ್ಲಿ ನಂಬಿಕೆಯೇ ಇಲ್ಲದ ಒಬ್ಬ ಪರದೇಶದ ಹೆಂಗಸು.

ಸಂಜೆ ಇಪ್ಪತ್ತು ಮಂದಿ ಸೇರಿದರು. ದೊಡ್ಡ ಬಟ್ಟಲು ಊಟದ ಮೇಜಿನ ನಡುವೆ ಬಂತು. ಸುತ್ತ ಬಿಸ್ಕತ್ತು, ಸುಟ್ಟ ರೊಟ್ಟಿಯ ಹೋಳು, ಜೋಳದ ಚಿಪ್ಸು. ಡಿಪ್ ಆರಿದರೆ ಗಟ್ಟಿಯಾಗುತ್ತದೆ. ಆದುದರಿಂದ ಎಲ್ಲರೂ ಒಟ್ಟಿಗೆ, ಬೇಗ ಬರಬೇಕು. ಹೀಗೆ ಪರಿಚಯವಿದ್ದವರು ಇಲ್ಲದವರು ಎಲ್ಲರೂ ಭುಜಕ್ಕೆ ಭುಜ ತಾಗಿಸಿ ನಿಂತರು. ಒಬ್ಬರ ಕೈ ಇನ್ನೊಬ್ಬರ ಕೈಗೆ ತಗುಲುತ್ತದೆ, ಕ್ಷಮೆ ಕೇಳುತ್ತಾರೆ, ನಗುತ್ತಾರೆ, ಮಾತು ಹುಟ್ಟುತ್ತದೆ. ಪಂಕ್ತಿಯಲ್ಲಿ ಕುಳಿತು ಎಲೆಯ ಮೇಲೆ ಕಣ್ಣಿಟ್ಟು ಉಣ್ಣುವ ನಮಗೆ ಈ ನೋಟ ಹೊಸದು.

ಇಷ್ಟು ಸಲಿಗೆಯ ಕೂಟದಲ್ಲಿಯೂ ಒಂದು ಕಟ್ಟುನಿಟ್ಟಿದೆ: ಕಚ್ಚಿದ ತುಂಡನ್ನು ಮತ್ತೆ ಬಟ್ಟಲಲ್ಲಿ ಅದ್ದಬಾರದು. ಒಬ್ಬ ಹುಡುಗ ಹಾಗೆ ಮಾಡಲು ಹೋಗಿ ತಾಯಿಯಿಂದ ಬೈಸಿಕೊಂಡ. ಎಂಜಲೆಂಬ ಕಲ್ಪನೆ ನಮ್ಮಲ್ಲಿ ಮಾತ್ರ ಇದೆಯೆಂದು ನಾವು ತಿಳಿದಿರುತ್ತೇವೆ, ಅದು ಸರಿಯಲ್ಲ. ಅವರಲ್ಲಿ ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಪಾಲ್ ಡಾಸನ್ ಎಂಬ ಆಹಾರವಿಜ್ಞಾನದ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ನಡೆಸಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಕಚ್ಚಿದ ಬಿಸ್ಕತ್ತನ್ನು ಅದ್ದಿದಾಗ ಬಾಯಿಯ ಸೂಕ್ಷ್ಮಜೀವಿಗಳು ಸಾವಿರಗಟ್ಟಲೆಯಾಗಿ ಬಟ್ಟಲಿಗೆ ಇಳಿಯುತ್ತವೆಂದೂ, ತೆಳ್ಳಗಿನ ಡಿಪ್ ಬಿಸ್ಕತ್ತಿನಿಂದ ಮರಳಿ ಬಟ್ಟಲಿಗೆ ಜಾರುವುದರಿಂದ ಮಂದವಾದ ಚೀಸಿಗಿಂತ ಅದರಲ್ಲಿ ಅವು ಹೆಚ್ಚಾಗಿ ಉಳಿಯುತ್ತವೆಂದೂ ತಿಳಿದುಬಂತು. ನಮ್ಮ ಅಜ್ಜಿಯರು ಸೂಕ್ಷ್ಮದರ್ಶಕವಿಲ್ಲದೆಯೇ ಇದನ್ನು ಕಂಡಿದ್ದರೆಂದು ಹೆಮ್ಮೆಪಡುವವರಿದ್ದಾರೆ. ಪಡಲಿ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆ ತಾಯಿ ಹೇಳಿದ ನಿಯಮ ಅಲ್ಲಿದ್ದ ಇಪ್ಪತ್ತು ಬಾಯಿಗಳಿಗೂ ಒಂದೇ ಆಗಿತ್ತು. ಕಚ್ಚಿದ ತುಂಡು ಎಂಜಲು, ಕಚ್ಚದ್ದು ಎಂಜಲಲ್ಲ. ಯಾರು ಕಚ್ಚಿದರೆಂಬ ಪ್ರಶ್ನೆಯಿಲ್ಲ. ಬಾಯಿಗೆ ತಾಗದೆಯೇ, ಬರಿಯ ಹುಟ್ಟಿನಿಂದಲೇ ಎಂಜಲಾದ ಮನುಷ್ಯರು ಆ ನಿಯಮದಲ್ಲಿರಲಿಲ್ಲ.

ನನ್ನ ಸಣ್ಣ ಬಟ್ಟಲನ್ನು ಆಕೆ ಕಿಟಕಿಯ ಬಳಿಯ ಮೇಜಿನ ಮೇಲೆ ಇಟ್ಟಿದ್ದರು, ದೊಡ್ಡ ಬಟ್ಟಲಿನ ತುಣುಕು ತಪ್ಪಿಯೂ ಅದರೊಳಗೆ ಬೀಳದಿರಲೆಂದು. ತಂಗಿ, ಅವಳ ಗಂಡ ಆಗಲೇ ಪರಿಚಯದವರ ನಡುವೆ ಕರಗಿಹೋಗಿದ್ದರು. ನಾನು ಕಿಟಕಿಯ ಬಳಿ ಹೋಗಿ ನಿಂತೆ. ಡಿಪ್ ರುಚಿಯಾಗಿಯೇ ಇತ್ತು. ಆದರೆ ಆ ಕಡೆಯಿಂದ ನಗೆಯ ಅಲೆ ಬಂದಾಗಲೆಲ್ಲ ಏನೋ ಒಂದು ಇರುಸುಮುರುಸು. ನನಗೆ ಯಾರೂ ಏನೂ ಅನ್ಯಾಯ ಮಾಡಿಲ್ಲ. ಅತಿಶಯವಾದ ಉಪಚಾರವನ್ನೇ ಮಾಡಿದ್ದಾರೆ. ಆದರೂ ಕೋಣೆ ತುಂಬ ಜನರಿರುವಾಗ ತನ್ನದೇ ಬೇರೆ ಬಟ್ಟಲಿನ ಮುಂದೆ ಒಬ್ಬನೇ ನಿಂತು ಉಣ್ಣುವುದು ಹೇಗಿರುತ್ತದೆಂಬುದು ನಲವತ್ತು ದಾಟಿದ ನನಗೆ ಅಂದು ಮೊದಲ ಸಲ ತಿಳಿಯಿತು. ತಿಳಿದ ಕ್ಷಣದಲ್ಲಿಯೇ ಕೊಟ್ಟಿಗೆಯ ತೊಲೆ ನೆನಪಿಗೆ ಬಂತು.

ಹಾಸನ ಜಿಲ್ಲೆಯ ನಮ್ಮ ಅಜ್ಜಿಯ ಊರಿನಲ್ಲಿ ಮನೆಯ ಗದ್ದೆಯನ್ನು ಉಳುತ್ತಿದ್ದ ಒಬ್ಬರಿದ್ದರು. ಇಂದು ‘ಒಬ್ಬರು’ ಎಂದು ಬರೆಯುತ್ತಿದ್ದೇನೆ. ಅಂದು ಎಂಟು ವರ್ಷದ ನಾನು, ಐವತ್ತು ದಾಟಿದ ಅವರನ್ನು, ಹೆಸರು ಹಿಡಿದು ‘ಬಾರೋ, ಹೋಗೋ’ ಎನ್ನುತ್ತಿದ್ದೆ. ಅವರಿಗಾಗಿ ಕೊಟ್ಟಿಗೆಯ ತೊಲೆಯ ಸಂದಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿತ್ತು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವರೇ ಅದನ್ನು ತೆಗೆದು, ತೊಳೆದು, ಅಂಗಳದಲ್ಲಿ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಒಳಗಿನಿಂದ ಯಾರಾದರೂ ಬಂದು ಮೇಲಿನಿಂದ ಸುರಿಯಬೇಕು. ರಜೆಗೆ ಹೋದಾಗ ಆ ಕೆಲಸ ನನ್ನದು. ಲೋಟಕ್ಕೆ ಚೊಂಬು ತಾಗಬಾರದು. ಎಷ್ಟು ಎತ್ತರದಿಂದ ಒಂದು ಹನಿಯೂ ಚೆಲ್ಲದಂತೆ ಸುರಿಯಬಲ್ಲೆನೆಂಬುದು ನನಗೆ ಆಟವಾಗಿತ್ತು. ಒಮ್ಮೆ ಬಿಸಿ ಕಾಫಿ ಸಿಡಿದು ಅವರ ಪಾದಕ್ಕೆ ಬಿತ್ತು. ಅವರು ಪಾದವನ್ನು ಹಿಂದಕ್ಕೆಳೆದುಕೊಂಡು ನಕ್ಕರು. ನಾನೂ ನಕ್ಕೆ.

ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದ್ದು 1950ರಲ್ಲಿ. ಅದನ್ನು ಶಿಕ್ಷಾರ್ಹವನ್ನಾಗಿ ಮಾಡಿದ ಕಾಯಿದೆ ಬಂದದ್ದು 1955ರಲ್ಲಿ. ನಾನು ಕಾಫಿ ಸುರಿಯುತ್ತಿದ್ದದ್ದು 1980ರ ದಶಕದ ಕೊನೆಯಲ್ಲಿ.

ನೆರೆಮನೆಯಾಕೆಯ ನೀಲಿ ಅಂಚಿನ ಬಟ್ಟಲು, ತೊಲೆಯ ಸಂದಿನ ಲೋಟ: ಹೊರಗಿನಿಂದ ನೋಡಿದರೆ ಎರಡೂ ಒಂದೇ ಕ್ರಿಯೆ. ಒಬ್ಬನಿಗಾಗಿ ಪಾತ್ರೆಯನ್ನು ಬೇರೆ ಮಾಡಿದೆ, ಜಾಗವನ್ನು ಬೇರೆ ಮಾಡಿದೆ, ಬೆರಕೆಯಾಗದಂತೆ ಎಚ್ಚರ ವಹಿಸಿದೆ. ಹಾಗಿದ್ದರೆ ಒಂದು ಪುಣ್ಯ, ಒಂದು ಪಾಪ ಹೇಗಾದೀತು?

ಉದ್ದೇಶದಿಂದ ಎಂದು ಹೇಳಿಬಿಡುವುದು ಸುಲಭ. ಈಕೆಯದು ಪ್ರೀತಿ, ಅವರದು ತಿರಸ್ಕಾರ ಎನ್ನಬಹುದು. ಆದರೆ ನನ್ನ ಅಜ್ಜಿ ಕೆಟ್ಟವರಾಗಿರಲಿಲ್ಲ. ಮನೆಯ ಮೊದಲ ಮಾವಿನಹಣ್ಣಿನಲ್ಲಿ ಎರಡು ಆ ಮನುಷ್ಯನಿಗೆ ಹೋಗುತ್ತಿತ್ತು. ಅವರಿಗೆ ಜ್ವರ ಬಂದರೆ ಗಂಜಿಯೂ ಕಷಾಯವೂ ಹೋಗುತ್ತಿದ್ದುವು. ಅವರ ಮಗಳ ಮದುವೆಗೆ ಅಜ್ಜಿ ತಮ್ಮದೊಂದು ಸೀರೆಯನ್ನು ಕೊಟ್ಟರು. ಒಳ್ಳೆಯ ಮನಸ್ಸಿಗೂ ಆ ಲೋಟಕ್ಕೂ ಅಜ್ಜಿಯೊಳಗೆ ಜಗಳವೇ ಇರಲಿಲ್ಲ. ನನ್ನನ್ನು ಹೆದರಿಸುವುದು ಅದೇ. ಒಳ್ಳೆಯ ಉದ್ದೇಶವೊಂದೇ ಸಾಕಾಗಿದ್ದರೆ ನಮ್ಮ ಊರುಗಳಲ್ಲಿ ಅರ್ಧ ಅನ್ಯಾಯ ಇರುತ್ತಲೇ ಇರಲಿಲ್ಲ.

ಒಪ್ಪಿಗೆಯಿಂದ ಎನ್ನೋಣವೆ? ಬೇಕನ್ ಬೇಡವೆಂದವನು ನಾನು. ಬೇರೆ ಬಟ್ಟಲು ನನ್ನ ಇಷ್ಟದ ಫಲ. ಆ ಮನುಷ್ಯನನ್ನು ಯಾರೂ ಕೇಳಿರಲಿಲ್ಲ. ಈ ಉತ್ತರದಲ್ಲಿ ಹುರುಳಿದೆ, ಆದರೆ ಪೂರ್ತಿಯಾಗಿ ಅಲ್ಲ. ಕೇಳಿದ್ದರೆ ಅವರು ‘ಇರಲಿ ಬುಡಿ ಸ್ವಾಮಿ, ನಮಗೆ ಇದೇ ಸರಿ’ ಎನ್ನುತ್ತಿದ್ದರು, ನಾನು ಬಲ್ಲೆ. ಹೊಟ್ಟೆ ಇನ್ನೊಬ್ಬರ ಕೈಯಲ್ಲಿರುವವನ ಒಪ್ಪಿಗೆಗೆ ಬೆಲೆ ಕಟ್ಟುವುದು ಹೇಗೆ? 1927ರ ಮಾರ್ಚಿಯಲ್ಲಿ ಮಹಾಡಿನ ಚವದಾರ್ ಕೆರೆಗೆ ಡಾ. ಅಂಬೇಡ್ಕರರು ಸಾವಿರಾರು ಮಂದಿಯೊಡನೆ ಇಳಿದು ಒಂದು ಬೊಗಸೆ ನೀರು ಕುಡಿಯುವವರೆಗೆ, ಆ ಕೆರೆಯಿಂದ ದೂರವಿರಲು ಅವರೆಲ್ಲ ಒಪ್ಪಿದ್ದಾರೆಂದೇ ಊರು ತಿಳಿದಿತ್ತು. ನಾನು ಹೊಗಳುತ್ತಿರುವ ಅಮೆರಿಕವೂ ಈ ಪಾಠವನ್ನು ತಡವಾಗಿ ಕಲಿತದ್ದೇ. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಪಟ್ಟಣದಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರವೆಂದು ಮೀಸಲಾಗಿದ್ದ ಅಂಗಡಿಯೊಂದರ ತಿಂಡಿಕಟ್ಟೆಯಲ್ಲಿ ಕುಳಿತು ಕಾಫಿ ಕೇಳಿದರು. ಅದೇ ಅಂಗಡಿ ಅವರಿಗೆ ಕಾಗದ, ಹಲ್ಲುಪುಡಿಗಳನ್ನು ಸಂತೋಷದಿಂದ ಮಾರುತ್ತಿತ್ತು. ಕುಳಿತು ಕುಡಿಯುವುದಕ್ಕೆ ಮಾತ್ರ ಬಿಡುತ್ತಿರಲಿಲ್ಲ. ಅವರ ಕಾಸು ಮೈಲಿಗೆಯಲ್ಲ, ಅವರ ಪಕ್ಕದ ಪೀಠ ಮೈಲಿಗೆ. ದಿನದಿನವೂ ಬಂದು ಕುಳಿತವರ ಸಂಖ್ಯೆ ಬೆಳೆದು, ಆ ವರ್ಷದ ಜುಲೈಯಲ್ಲಿ ಆ ಕಟ್ಟೆ ಎಲ್ಲರಿಗೂ ತೆರೆಯಿತು.

ನಾನು ಕಿಟಕಿಯ ಬಳಿ ಹೀಗೆ ಯೋಚಿಸುತ್ತಿದ್ದಾಗ ನೆರೆಮನೆಯಾಕೆ ಆ ಕಡೆಯ ಗುಂಪನ್ನು ಬಿಟ್ಟು ಬಂದರು. ಏನೂ ಹೇಳಲಿಲ್ಲ. ಹೊಸ ಬಿಸ್ಕತ್ತೊಂದನ್ನು ತೆಗೆದು ನನ್ನ ಬಟ್ಟಲಲ್ಲಿ ಅದ್ದಿ ತಿಂದರು. ‘ಉಪ್ಪು ಸ್ವಲ್ಪ ಕಡಮೆಯಾಯಿತು, ಬೇಕನ್ ಇಲ್ಲದ್ದರಿಂದ. ನಾನು ಮರೆತೆ’ ಎಂದು ತಮ್ಮನ್ನು ತಾವೇ ಬೈದುಕೊಂಡು, ಇನ್ನೊಂದು ಅದ್ದಿದರು. ಆಮೇಲೆ ಪಕ್ಕದಲ್ಲಿಯೇ ಕುರ್ಚಿಯೆಳೆದುಕೊಂಡು ಕುಳಿತು, ಶಾಲೆಯ ಮಕ್ಕಳಿಗೆ ಕವಿತೆ ಹೇಳಿಕೊಡುವುದು ನಮ್ಮಲ್ಲಿ ಹೇಗೆಂದು ಕೇಳತೊಡಗಿದರು.

ಉತ್ತರ ಸಿಕ್ಕಿತೆಂದು ನನಗೆ ಅನಿಸಿದ್ದು ಆಗ. ಬಟ್ಟಲನ್ನು ಬೇರೆಮಾಡಿದವರು ಆ ಬಟ್ಟಲಿನಿಂದ ತಾವು ಉಣ್ಣಲು ಸಿದ್ಧರಿದ್ದಾರೆಯೆ? ಇದೇ ಒರೆಗಲ್ಲು. ಆಕೆಯ ದೊಡ್ಡ ಬಟ್ಟಲಿಗೆ ನಾನು ಹೋಗಲಾರೆ. ಆಕೆ ನನ್ನ ಬಟ್ಟಲಿಗೆ ಬಂದರು. ಸಸ್ಯಾಹಾರಿಗೆ ಮಾಡಿದ ಬಟ್ಟಲಿನಲ್ಲಿ ಎಲ್ಲರಿಗೂ ಜಾಗವಿರುತ್ತದೆ, ದಾರಿ ಒಂದು ಕಡೆಯಿಂದಲಾದರೂ ತೆರೆದಿರುತ್ತದೆ. ನಮ್ಮ ಕೊಟ್ಟಿಗೆಯ ಲೋಟಕ್ಕೆ ದಾರಿ ಎರಡು ಕಡೆಯಿಂದಲೂ ಮುಚ್ಚಿತ್ತು. ಅದರಲ್ಲಿದ್ದದ್ದು ನಾವು ಕುಡಿಯುವ ಕಾಫಿಯೇ, ಅದೇ ಹಾಲು, ಅದೇ ಬೆಲ್ಲ. ಆದರೆ ನನ್ನ ಅಜ್ಜಿ ಬಾಯಾರಿ ಸಾಯುವಂತಾಗಿದ್ದರೂ ಆ ಲೋಟವನ್ನು ಮುಟ್ಟುತ್ತಿರಲಿಲ್ಲ. ಪದಾರ್ಥ ಬೇರೆಯಾಗಿ ಪಾತ್ರೆ ಬೇರೆಯಾದರೆ ಅದು ಉಪಚಾರ. ಪದಾರ್ಥ ಒಂದೇ ಆಗಿದ್ದೂ ಪಾತ್ರೆ ಬೇರೆಯಾದರೆ ಬೇರೆ ಮಾಡಿದ್ದು ಮನುಷ್ಯನನ್ನು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಸುಖವಾಗಿ ಊರಿಗೆ ಮರಳಬಹುದಾಗಿತ್ತು. ಆದರೆ ಆ ರಾತ್ರಿ ಇನ್ನೊಂದು ಶಂಕೆ ಎದ್ದಿತು. ಆಕೆ ನನ್ನ ಬಟ್ಟಲಿಗೆ ಬಂದರು ಸರಿ. ನಾನು ಆಕೆಯ ಬಟ್ಟಲಿಗೆ ಹೋಗದಿರುವುದು ಏನು? ಬರಿಯ ಅಹಿಂಸೆಯೇ? ಅಷ್ಟು ಪ್ರಾಮಾಣಿಕವಾಗಿ ಹೇಳಲಾರೆ. ಬೇಕನ್ ಬಾಣಲೆಯಲ್ಲಿ ಕಾಯುವಾಗ ನನ್ನ ಮುಖ ಸಿಂಡರಿಸಿದ್ದು ಸತ್ತ ಹಂದಿಯ ಮೇಲಿನ ಕರುಣೆಯಿಂದಲ್ಲ. ಹಂದಿ ತಿನ್ನುವವರನ್ನು ಕುರಿತು ನನ್ನ ಬಾಲ್ಯದ ಮನೆ ಆಡುತ್ತಿದ್ದ ಮಾತುಗಳ ಪಳೆಯುಳಿಕೆ ಅದು. ಊರಾಚೆಯ ಕೇರಿಯಲ್ಲಿ ಹಂದಿ ಸಾಕುತ್ತಿದ್ದವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತಿದ್ದೆವೋ ಅದನ್ನು ಇಲ್ಲಿ ಬರೆಯಲಾರೆ. ಅದೇ ಮಾಂಸ ನ್ಯೂಜೆರ್ಸಿಯ ಚೊಕ್ಕ ಅಡಿಗೆಮನೆಯಲ್ಲಿ, ಬಿಳಿಯ ಹೆಂಗಸಿನ ಕೈಯಲ್ಲಿದ್ದಾಗ ನಾನು ಸಭ್ಯನಾಗಿ ನಗುತ್ತ ಚೀಸ್ ತುರಿದೆ. ನಮ್ಮೂರಿನ ಆ ಕೇರಿಯ ಅಡಿಗೆಮನೆಯಲ್ಲಿ ಹಾಗೆ ಕುಳಿತು ಎಂದಾದರೂ ಈರುಳ್ಳಿ ಹೆಚ್ಚಿದ್ದೇನೆಯೆ?

ನಮ್ಮ ಪುರಾಣಗಳಿಗೆ ಈ ಪ್ರಶ್ನೆ ಹೊಳೆದಿರಲಿಲ್ಲವೆಂದಲ್ಲ. ಕಾಳಹಸ್ತಿಯ ಬೇಡರ ಕಣ್ಣಪ್ಪ ಶಿವನಿಗೆ ಅರ್ಪಿಸಿದ್ದು ಕಾಡುಹಂದಿಯ ಮಾಂಸ. ಅದೂ, ಯಾವ ತುಂಡು ರುಚಿಯೆಂದು ತಾನು ಕಚ್ಚಿ ನೋಡಿ ಆರಿಸಿದ್ದು. ಅಭಿಷೇಕದ ನೀರನ್ನು ತಂದದ್ದು ಬಾಯಲ್ಲಿ. ಹಂದಿಯೂ ಹೌದು, ಎಂಜಲೂ ಹೌದು. ಅರ್ಚಕ ಬೆಚ್ಚಿದ, ಶಿವ ಬೆಚ್ಚಲಿಲ್ಲ. ಹರಿಹರ ಕವಿ ಅವನ ಕಥೆಯನ್ನು ರಗಳೆಯಾಗಿ ಹಾಡಿದ. 1954ರಲ್ಲಿ ಅದೇ ಕಥೆ ಚಲನಚಿತ್ರವಾಗಿ ರಾಜ್‌ಕುಮಾರರನ್ನು ಕನ್ನಡಿಗರ ಮನೆಮಗನನ್ನಾಗಿ ಮಾಡಿತು. ಕಣ್ಣಪ್ಪನ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಅಜ್ಜಿಯೇ. ಅವನು ಕಣ್ಣನ್ನು ಕಿತ್ತು ಕೊಡುವ ಘಟ್ಟಕ್ಕೆ ಬಂದಾಗ ಅವರ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಕಥೆ ಮುಗಿಯುವ ಹೊತ್ತಿಗೆ ಕಾಫಿಯ ವೇಳೆಯಾಗುತ್ತಿತ್ತು. ನಾನು ಚೊಂಬು ಹಿಡಿದು ಅಂಗಳಕ್ಕೆ ಹೋಗುತ್ತಿದ್ದೆ. ದೇವರು ಬೇಡನ ಎಂಜಲನ್ನು ಉಣ್ಣಬಹುದು. ನಾವು ಆಳಿನ ಲೋಟವನ್ನು ಮುಟ್ಟಬಾರದು. ಈ ಎರಡನ್ನೂ ಒಂದೇ ಮನೆಯಲ್ಲಿ ಇಷ್ಟು ಕಾಲ ಹೇಗೆ ಇಟ್ಟುಕೊಂಡೆವೆಂಬುದು ನನಗೆ ಇಂದಿಗೂ ಆಶ್ಚರ್ಯ.

ನಾನು ಬೇಕನ್ ತಿನ್ನಬೇಕಾಗಿತ್ತು ಎಂಬುದು ನನ್ನ ವಾದವಲ್ಲ. ತನ್ನ ನಾಲಗೆಯ ಮೇಲೆ ಏನು ಬೀಳಬೇಕೆಂದು ನಿಶ್ಚಯಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಆ ಹಕ್ಕು ಕೇರಿಯವನಿಗೂ ಇದೆ, ಅಗ್ರಹಾರದವನಿಗೂ ಇದೆ. ಒಲ್ಲೆನೆನ್ನುವುದು ತಪ್ಪಲ್ಲ. ಒಲ್ಲೆನೆಂಬ ಮಾತು ಪದಾರ್ಥದ ಬಳಿ ನಿಲ್ಲದೆ ಅದನ್ನು ತಿನ್ನುವವನ ಮೇಲೆ ಹೋಗಿ ಕುಳಿತುಕೊಳ್ಳುತ್ತದೆಯಲ್ಲ, ಅಲ್ಲಿಂದ ತಪ್ಪು ಪ್ರಾರಂಭ. ಅಂದು ಸಂಜೆ, ಆಕೆ ಎದ್ದುಹೋದ ಮೇಲೆ, ನಾನು ನೀಲಿ ಅಂಚಿನ ಬಟ್ಟಲನ್ನು ಎತ್ತಿಕೊಂಡು ಹೋಗಿ ದೊಡ್ಡ ಬಟ್ಟಲಿನ ಪಕ್ಕದಲ್ಲಿಟ್ಟು ಆ ಗುಂಪಿನಲ್ಲಿ ನಿಂತೆ. ತುಣುಕು ಬಿದ್ದರೆ ಬೀಳಲಿ, ಅಷ್ಟು ಜಾಗವನ್ನು ತೆಗೆದುಹಾಕಿ ತಿಂದರಾಯಿತು ಎಂದುಕೊಂಡೆ. ಏನೂ ಬೀಳಲಿಲ್ಲ. ಬೈಸಿಕೊಂಡಿದ್ದ ಆ ಹುಡುಗ ನನ್ನ ಬಟ್ಟಲಿಗೂ ಕೈಹಾಕಿದ.

ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಅಜ್ಜಿಯ ಹಳ್ಳಿಗೆ ಹೋದೆ. ಅಜ್ಜಿ ಹೋಗಿ ಬಹಳ ವರ್ಷವಾಗಿತ್ತು. ಕೊಟ್ಟಿಗೆಯ ಜಾಗದಲ್ಲಿ ಕಾರು ನಿಲ್ಲಿಸುವ ಮಾಡು ಎದ್ದಿದೆ. ಆ ಮನುಷ್ಯನೂ ತೀರಿಕೊಂಡಿದ್ದರು. ಅವರ ಮನೆಯನ್ನು ಕೇಳಿಕೊಂಡು ಹೋದೆ. ಅಷ್ಟು ವರ್ಷ ರಜೆಗೆ ಬಂದುಹೋದ ನನಗೆ ಅವರ ಮನೆ ಯಾವುದೆಂದು ಗೊತ್ತಿರಲಿಲ್ಲ. ಅವರ ಹೆಂಡತಿ, ಹಣ್ಣಾದ ಮುದುಕಿ, ನನ್ನ ಗುರುತು ಹಿಡಿದು ಗಡಿಬಿಡಿಯಿಂದ ಎದ್ದುನಿಂತರು. ಮೊಮ್ಮಗನನ್ನು ಕರೆದು, ಅಂಗಡಿಯಿಂದ ಮುಚ್ಚಳವಿರುವ ಸೋಡದ ಬಾಟಲಿ ತರುವಂತೆ ಮೆಲ್ಲನೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅದರ ಅರ್ಥ ನನಗೆ ತಿಳಿಯಿತು. ಅವರ ಮನೆಯದೇನನ್ನೂ ನಾನು ಕುಡಿಯಲಾರೆನೆಂದು ತಿಳಿದು, ನನ್ನ ಜಾತಿಯನ್ನು ಕಾಪಾಡುವುದಕ್ಕೆ ಆ ತಾಯಿ ತಮ್ಮ ದುಡ್ಡು ವೆಚ್ಚಮಾಡುತ್ತಿದ್ದರು.

‘ಬ್ಯಾಡಿ ಅಮ್ಮ, ನಿಮ್ಮನೆ ಕಾಫೀನೇ ಕೊಡಿ’ ಎಂದೆ.

‘ನಮ್ಮನೇಲಿ ಕುಡೀತೀರಾ?’

‘ಕುಡೀತೀನಿ.’

ಅಟ್ಟದ ಮೇಲಿನಿಂದ ಹೊಸ ಸ್ಟೀಲ್ ಲೋಟವೊಂದನ್ನು ಇಳಿಸಿ, ಎರಡು ಸಲ ತೊಳೆದು, ಅದರಲ್ಲಿ ಕಾಫಿ ತಂದುಕೊಟ್ಟರು. ಮನೆಯವರು ಯಾರೂ ಬಳಸದೆ ಎತ್ತಿಟ್ಟ ಲೋಟ. ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತರು. ಸೊಸೆಯೂ ಮೊಮ್ಮಗನೂ ಬಾಗಿಲಲ್ಲಿ ನಿಂತರು.

‘ನೀವೂ ತಗೊಳ್ಳಿ ಅಮ್ಮ, ಜೊತೇಲಿ ಕುಡಿಯೋಣ.’

‘ನೀವು ಕುಡೀರಿ ಸ್ವಾಮಿ. ನಾವು ಆಮ್ಯಾಕೆ ಕುಡೀತೀವಿ.’

ಇನ್ನೂ ಎರಡು ಸಲ ಹೇಳಿದೆ. ಅವರು ನಕ್ಕರು, ಬರಲಿಲ್ಲ. ಒತ್ತಾಯ ಮಾಡುವ ಹಕ್ಕು ನನಗೆ ಎಲ್ಲಿಂದ ಬರಬೇಕು? ನ್ಯೂಜೆರ್ಸಿಯ ಆಕೆ ನನ್ನ ಬಟ್ಟಲಿಗೆ ನಾಲ್ಕು ಹೆಜ್ಜೆಯಲ್ಲಿ ಬಂದುಬಿಟ್ಟರು, ಏಕೆಂದರೆ ಆ ನಾಲ್ಕು ಹೆಜ್ಜೆಯ ನಡುವೆ ನಮ್ಮಿಬ್ಬರ ಹಿರಿಯರು ಯಾರೂ ನಿಂತಿರಲಿಲ್ಲ. ಇಲ್ಲಿ ಗೋಡೆಯಿಂದ ನನ್ನ ಚಾಪೆಗೆ ಮೂರು ಮೊಳ ದೂರ. ನಾನು ಕಾಯುತ್ತ ಕುಳಿತೆ. ಕಾಫಿ ಆರಿತು. ಆರಿದ ಮೇಲೆ ಕುಡಿದೆ. ಲೋಟವನ್ನು ನಾನೇ ತೊಳೆಯಲು ಹೋದಾಗ ಆ ತಾಯಿ ಕೈಯಿಂದ ಕಿತ್ತುಕೊಂಡರು. ಹಾಗೆ ಕಿತ್ತುಕೊಳ್ಳುವಾಗ ಅವರ ಬೆರಳು ನನ್ನ ಬೆರಳಿಗೆ ತಾಗಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ.

ಮುಂದಿನ ರಜೆಗೆ ಮತ್ತೆ ಬರುತ್ತೇನೆಂದು ಹೇಳಿ ಎದ್ದೆ.